ಏನೂಂದ್ರೆ, ಆಯ್ತು

ನನ್ನ ಹೆಂಡತಿ ಕಮಲಾಕ್ಷಿ ತೀರಿಕೊಂಡ ಬೆಳಿಗ್ಗೆ ನನ್ನ ಎರಡು ಕೈಗಳೂ ತಾವಾಗಿಯೇ ಕೂಡಿಕೊಂಡು ಬೊಗಸೆಯಾದವು. ಬೊಗಸೆಯಲ್ಲಿ ನೀರು ನಿಂತಿತು. ನಮ್ಮ ಊರಿನಲ್ಲಿ ಇದು ಎಲ್ಲರಿಗೂ ಆಗುವುದೇ. ಹೋದವರಿಗೆ ಯಾರು ಅತಿ ಹತ್ತಿರದವರೋ ಅವರ ಕೈಗೆ ನೀರು ಬರುತ್ತದೆ. ಆ ನೀರು ಓಡಿದರೂ ಚೆಲ್ಲುವುದಿಲ್ಲ, ಮಗ್ಗುಲಾದರೂ ಚೆಲ್ಲುವುದಿಲ್ಲ. ಕೈ ಬಿಚ್ಚೋಣವೆಂದರೆ ಬೆರಳುಗಳು ಬಿಡುವುದಿಲ್ಲ. ಹೋದವರ ಮನಸ್ಸು ಎಲ್ಲಿ ನಿಂತಿದೆಯೋ ಆ ಜಾಗಕ್ಕೆ ಹೋಗಿ ನಿಂತರೆ ಮಾತ್ರ ಬೆರಳು ಸಡಿಲವಾಗಿ ನೀರು ಇಳಿದುಹೋಗುತ್ತದೆ. ಅಷ್ಟರೊಳಗೆ ನೀರು ಆರಿಹೋದರೆ, ಹೋದವರು ಬಾಯಾರಿಕೊಂಡೇ ಹೋದರು ಎಂದು ಅರ್ಥ. ಅದಕ್ಕೇ ಬೇಸಿಗೆಯ ಸಾವಿಗೆ ನಮ್ಮಲ್ಲಿ ಎಲ್ಲರೂ ಹೆದರುತ್ತಾರೆ. ಕಮಲಾಕ್ಷಿ ಹೋದದ್ದು ಬೇಸಿಗೆ ಶುರುವಾದಾಗ.

ನಮಗೆ ಮಕ್ಕಳಿಲ್ಲ. ನಾನು ಈಶ್ವರನ ಗುಡಿಯಲ್ಲಿ ಸಂಜೆ ಹೊತ್ತು ಪುರಾಣ ಓದುವವನು. ಊರಿನವರು ಪುರಾಣದ ಶ್ರೀಕಂಠಯ್ಯ ಎನ್ನುತ್ತಾರೆ. ಕೈ ಕಟ್ಟಿಹೋದ ಮೇಲೆ ಪುಟ ತಿರುವುವುದು ಹೇಗೆಂದು ಅದೂ ನಿಂತಿತು. ಕರ್ಮಗಳನ್ನು ಅವಳ ತಮ್ಮನ ಕೈಯಲ್ಲಿ ಮಾಡಿಸಿದ್ದಾಯಿತು. ನೆಂಟರು ಒಬ್ಬೊಬ್ಬರಾಗಿ ಹೊರಟರು. ಬೆಳಿಗ್ಗೆ ಸ್ನಾನ ಮಾಡಿಸಿ ಪಂಚೆ ಉಡಿಸುವುದಕ್ಕೆ ಪಕ್ಕದ ಮನೆಯ ನಾಗವೇಣಿಯ ಗಂಡ ಬರುತ್ತಿದ್ದ. ಎರಡು ಹೊತ್ತು ನಾಗವೇಣಿಯೇ ಬಂದು ಅನ್ನ ಕಲೆಸಿ ತಿನ್ನಿಸುತ್ತಿದ್ದಳು. ಉಳಿದ ಹೊತ್ತು ನಾನು, ನನ್ನ ಬೊಗಸೆ. ಸಂಧ್ಯಾವಂದನೆಗೆ ಕೂತರೆ ಅಳುವೂ ನಗುವೂ ಒಟ್ಟಿಗೆ ಬರುತ್ತಿತ್ತು. ಕೈತುಂಬ ನೀರಿದೆ, ಸೂರ್ಯನಿಗೆ ಅರ್ಘ್ಯ ಕೊಡಲು ಒಂದು ಹನಿ ಇಲ್ಲ.

ಊರು ಇದಕ್ಕೆ ಎಂದೋ ಹೊಂದಿಕೊಂಡಿದೆ. ಹೋಟೆಲಿನಲ್ಲಿ ಬೊಗಸೆಯವರು ಬಂದರೆ ಕಾಫಿಯ ಲೋಟಕ್ಕೆ ಹುಲ್ಲಿನ ಕೊಳವೆ ಹಾಕಿ ತುಟಿಯ ಹತ್ತಿರ ಇಡುತ್ತಾರೆ. ಅಂಗಡಿಗಳ ಬಾಗಿಲನ್ನು ಭುಜದಿಂದ ತಳ್ಳಿದರೆ ತೆರೆಯುವ ಹಾಗೆ ಮಾಡಿಸಿದ್ದಾರೆ. ಗುಡಿಯಲ್ಲಿ ಅರ್ಚಕರು ತೀರ್ಥವನ್ನು ನೇರವಾಗಿ ಬಾಯಿಗೇ ಹಾಕುತ್ತಾರೆ. ಈಚೆಗೆ ಬಂದ ಹೊಸ ಅನುಕೂಲವೆಂದರೆ ಫೋನು. ಕೊರಳಿಗೆ ಒಂದು ಬಟ್ಟೆಚೀಲ, ಅದರಲ್ಲಿ ಫೋನು. ಬಾಯಲ್ಲಿ ಹೇಳಿದರೆ ಅದು ದೀಪ ಹಾಕುತ್ತದೆ, ಫ್ಯಾನು ತಿರುಗಿಸುತ್ತದೆ, ಬೇಕಾದವರನ್ನು ಕರೆಯುತ್ತದೆ. ಬೊಗಸೆಯವರೆಲ್ಲ ಹಾಗೆ ಎದೆಯ ಮೇಲೆ ಫೋನು ನೇತುಹಾಕಿಕೊಂಡು ಮಾತಾಡಿಕೊಂಡು ಓಡಾಡುವುದನ್ನು ನೋಡಿ ನಾನು ಮೊದಲೆಲ್ಲ ಮುಖ ತಿರುಗಿಸುತ್ತಿದ್ದೆ.

ಒಂದು ದಿನ ನಾಗವೇಣಿ ಕಮಲಾಕ್ಷಿಯ ಫೋನನ್ನು ಚೀಲಕ್ಕೆ ಹಾಕಿ ತಂದು ನನ್ನ ಕೊರಳಿಗೆ ಹಾಕಿಯೇಬಿಟ್ಟಳು. “ಮಾವ, ನಾನು ಸ್ಕೂಲಲ್ಲಿ ಪಾಠ ಮುಗ್ಸಿ ಬರೋ ಹೊತ್ತಿಗೆ ಕತ್ತಲಲ್ಲಿ ಕೂತಿರ್ತೀರಿ, ಒಂದು ದೀಪ ಹಾಕೋಕೂ ಗತಿ ಇಲ್ಲ. ಹಟ ಮಾಡ್ಬೇಡಿ. ಅತ್ತೆ ಎಲ್ಲಾ ಜೋಡಿಸಿಟ್ಟಿದಾರೆ ಇದ್ರಲ್ಲಿ. ಬಾಯಲ್ಲಿ ಹೇಳಿದ್ರೆ ಮುಗೀತು.”

“ಏನಂತ ಹೇಳಬೇಕು?”

ಅವಳು ತುಟಿ ಕಚ್ಚಿಕೊಂಡಳು. ನಗು ತಡೆಯುತ್ತಿದ್ದಾಳೆಂದು ಗೊತ್ತಾಯಿತು. “ಮೊದ್ಲು ಅದರ ಹೆಸ್ರು ಕರೀಬೇಕು ಮಾವ, ಆಗ್ಲೇ ಅದು ಏಳೋದು. ಒಬ್ಬೊಬ್ರು ಒಂದೊಂದು ಹೆಸ್ರು ಇಟ್ಕೋತಾರೆ. ಅತ್ತೆ ಇಟ್ಟಿರೋದು… ‘ಏನೂಂದ್ರೆ’ ಅಂತ.”

ಮದುವೆಯಾದಾಗಿನಿಂದ ಕಮಲಾಕ್ಷಿ ನನ್ನನ್ನು ಕರೆದದ್ದು ಆ ಒಂದೇ ಹೆಸರಿನಿಂದ. ಫೋನು ಬಂದ ಮೇಲೆ ಅಡುಗೆಮನೆಯಿಂದ “ಏನೂಂದ್ರೆ” ಎಂದು ಕೇಳಿದರೆ ನಾನು ಜಗಲಿಯಿಂದ “ಏನೇ?” ಎನ್ನುತ್ತಿದ್ದೆ. “ನಿಮ್ಮನ್ನಲ್ಲ” ಎಂಬ ಉತ್ತರ ಬರುತ್ತಿತ್ತು. ಮೈದಾ ನಾದುತ್ತಲೋ ಹಲಸಿನಕಾಯಿ ಹೆಚ್ಚುತ್ತಲೋ ಕೈಯೆಲ್ಲ ಅಂಟಾಗಿರುವಾಗ ಅವಳು ಅದಕ್ಕೆ ಕೆಲಸ ಹೇಳುತ್ತಿದ್ದಳು. ಒಂದು ದಿನವೂ ನನಗೆ ಏಕವಚನ ಆಡದವಳು ಅದೇ ಹೆಸರು ಹಿಡಿದು ಕರೆದು “ಫ್ಯಾನ್ ಹಾಕು”, “ರೇಡಿಯೋ ನಿಲ್ಸು”, “ಸಾಕು ಬಾಯಿ ಮುಚ್ಚು” ಎಂದು ಆಜ್ಞೆ ಮಾಡುತ್ತಿದ್ದಳು. ಆಗ ಅವಳ ದನಿಯಲ್ಲಿ ಒಂದು ಖುಷಿ ಇರುತ್ತಿತ್ತು.

“ಬೇರೆ ಹೆಸ್ರು ಇಡ್ಲಾ ಮಾವ? ‘ಶಿವ’ ಅಂತ ಇಡೋಣ?”

“ಬೇಡ. ಹಾಗೇ ಇರಲಿ” ಎಂದೆ. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. “ಏನೂಂದ್ರೆ, ತಾವು ದಯಮಾಡಿ ಈ ದಿನದ ತಿಥಿ ವಾರ ನಕ್ಷತ್ರಗಳನ್ನು ತಿಳಿಸುವುದಾದರೆ ನನಗೆ ಸಂಕಲ್ಪಕ್ಕೆ ಅನುಕೂಲವಾಗುತ್ತಿತ್ತು.”

“ಕ್ಷಮಿಸಿ, ಅರ್ಥವಾಗಲಿಲ್ಲ” ಎಂದಿತು ಫೋನು, ಹೆಣ್ಣುದನಿಯಲ್ಲಿ.

“ಅದಕ್ಕೆ ಪುರಾಣ ಓದ್ಬೇಡಿ ಮಾವ” ಎಂದಳು ನಾಗವೇಣಿ. “ಏನು ಬೇಕೋ ಅಷ್ಟು. ‘ಇವತ್ತಿನ ತಿಥಿ ಹೇಳು.’ ಆಯ್ತು.”

ಹಾಗೆ ಕಲಿತೆ. ಬರೀ ಹೆಸರು ಕರೆದು ನಿಲ್ಲಿಸಿದರೆ ಅದು “ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ” ಎನ್ನುತ್ತಿತ್ತು. ಬೆಳಿಗ್ಗೆ ಎದ್ದು ತಿಥಿ ಕೇಳುವುದು, ಸುಪ್ರಭಾತ ಹಾಕಿಸುವುದು, ನಾಗವೇಣಿಗೆ ಕರೆ ಮಾಡಿಸುವುದು, ಮುಸ್ಸಂಜೆಗೆ ದೇವರ ಮುಂದಿನ ದೀಪ. ದೇವರ ಮುಂದೆ ಕಮಲಾಕ್ಷಿ ಎಣ್ಣೆಯ ದೀಪದ ಜೊತೆಗೆ ಒಂದು ಸಣ್ಣ ವಿದ್ಯುದ್ದೀಪವನ್ನೂ ಇಟ್ಟಿದ್ದಳು. “ಏನೂಂದ್ರೆ, ದೇವರ ದೀಪ ಹಚ್ಚು” ಎಂದರೆ ಅದು ಹತ್ತಿಕೊಳ್ಳುತ್ತಿತ್ತು. ಇದು ಪೂಜೆಯಾಯಿತೇ ಎಂಬ ಸಂದೇಹ ನನಗೆ ಮೊದಲು ಬಂತು. ಆಮೇಲೆ, ಕೈಯಿಲ್ಲದವನ ಬಾಯಿಮಾತನ್ನು ದೇವರು ಕೇಳದೆ ಇರಲಾರ ಎನ್ನಿಸಿತು. ನನಗೆ ಆಶ್ಚರ್ಯವೆಂದರೆ, ದಿನ ಕಳೆದಂತೆ ಅದರ ಮೇಲೆ ನನಗೊಂದು ಕುತೂಹಲ ಬೆಳೆಯಿತು. ಏನು ಹೇಳಿದರೆ ಏನು ಮಾಡುತ್ತದೆ? ಏನು ಹೇಳಿದರೆ ಸುಮ್ಮನಿರುತ್ತದೆ? ಊಟವಾದ ಮೇಲೆ ಕೂತು ಒಂದೊಂದೇ ಕೇಳಿ ನೋಡುತ್ತಿದ್ದೆ. ಮಳೆ ಯಾವಾಗ ಬರುತ್ತದೆ ಎಂದರೆ ಹೇಳಿತು. ಮನುಷ್ಯ ಸತ್ತ ಮೇಲೆ ಎಲ್ಲಿಗೆ ಹೋಗುತ್ತಾನೆ ಎಂದರೆ ಹತ್ತಿರದ ಆಸ್ಪತ್ರೆಯ ದಾರಿ ಹೇಳಿತು.

ಸಂಜೆ ಗುಡಿಯ ಮಂಟಪದಲ್ಲಿ ಬೊಗಸೆಯವರೆಲ್ಲ ಸೇರುವುದು ವಾಡಿಕೆ. ಮಂಟಪದ ಮೂಲೆಯ ಕಂಬವೊಂದು ಮೂಗಿನ ಎತ್ತರದಲ್ಲಿ ಕನ್ನಡಿಯಂತೆ ನುಣುಪಾಗಿದೆ. ಎಷ್ಟೋ ತಲೆಮಾರಿನ ಬೊಗಸೆಯವರು ಮೂಗು ತುರಿಸಿದರೆ ಅಲ್ಲಿ ಬಂದು ಉಜ್ಜಿಕೊಂಡದ್ದು. ಆ ದಿನಗಳಲ್ಲಿ ಅಲ್ಲಿಗೆ ದರ್ಜಿ ಹಾಲಪ್ಪನೂ ಬರುತ್ತಿದ್ದ. ಊರಿನವರ ಕೊರಳಚೀಲಗಳನ್ನೆಲ್ಲ ಹೊಲಿದುಕೊಟ್ಟವನು ಅವನೇ. ಈಗ ತಾಯಿ ಹೋಗಿ, ತಾನು ಹೊಲಿದ ಚೀಲವನ್ನು ತಾನೇ ಹಾಕಿಕೊಂಡಿದ್ದ.

“ನೋಡಿ ಅಯ್ನೋರೆ” ಎಂದು ಅವನು ಕಂಬಕ್ಕೆ ಮೂಗು ತಿಕ್ಕುತ್ತ ಹೇಳಿದ, “ಈ ಫೋನು ಚಂದ್ರನ ಮ್ಯಾಗಿನ ಸುದ್ದಿ ಹೇಳ್ತದೆ. ಮೂಗು ತುರ್ಸು ಅಂದ್ರೆ ‘ಮೂಗಿನ ಚಿತ್ರಗಳು ಇಲ್ಲಿವೆ’ ಅಂತದೆ!”

ನಾನು ನಕ್ಕುಬಿಟ್ಟೆ. ಅವಳು ಹೋದ ಮೇಲೆ ಅದೇ ಮೊದಲು. ಅಷ್ಟರಲ್ಲಿ ಮಂಟಪದಲ್ಲಿ ಸೆಖೆ ಎನ್ನಿಸಿ, ಮರೆತು, ಮನೆಯಲ್ಲಿದ್ದ ಹಾಗೆಯೇ “ಏನೂಂದ್ರೆ, ಫ್ಯಾನ್ ಹಾಕು” ಎಂದುಬಿಟ್ಟೆ. ಎದುರಿಗೆ ಹೂ ಕಟ್ಟುತ್ತಿದ್ದ ಹೆಂಗಸರು ಒಂದೇ ಸಲ ತಿರುಗಿದರು. ಒಬ್ಬಳು ಸೆರಗು ಬಾಯಿಗೆ ಇಟ್ಟುಕೊಂಡಳು.

“ಯಾರನ್ನ ಕರೀತಿದೀರಿ ಅಯ್ನೋರೆ, ನಿಮ್ಮ ಯಜಮಾನ್ರನ್ನಾ?” ಎಂದ ಹಾಲಪ್ಪ.

“ಹೂಂ ಕಣಯ್ಯ. ನನ್ನ ಯಜಮಾನ್ತಿ ಬಿಟ್ಟುಹೋದ ಯಜಮಾನ್ರು ಇವರು” ಎಂದೆ. ಅವನು ನಗುತ್ತ ನನ್ನ ಹತ್ತಿರ ಸರಿದು ತನ್ನ ಬೊಗಸೆ ತೋರಿಸಲು ಬಗ್ಗಿದ. ನಾನು ಥಟ್ಟನೆ ಹಿಂದೆ ಸರಿದೆ. “ದೂರ, ದೂರ. ಬೊಗಸೆಗೆ ಬೊಗಸೆ ಸೋಕಬಾರದು.”

“ಸೋಕಿದ್ರೆ ಏನಾಯ್ತದೆ?”

“ಎರಡು ನೀರು ಬೆರೆತರೆ ಹೋದವರಿಬ್ಬರೂ ದಾರಿ ತಪ್ಪುತ್ತಾರೆ” ಎಂದೆ. ನನ್ನ ತಂದೆ ಹೇಳುತ್ತಿದ್ದರು, ಅವರಿಗೆ ಅವರ ತಂದೆ. ಪುರಾಣದ ನಡುವೆ ನಾನೂ ಎಷ್ಟೋ ಸಲ ಹೇಳಿದ್ದೇನೆ.

ಹಾಲಪ್ಪನ ನೀರು ಕೆಲವು ದಿನಗಳ ಮೇಲೆ ಇಳಿಯಿತು. ಎಲ್ಲಿ ಗೊತ್ತೇ? ತಾಯಿಯ ಹೊಲ, ತಾಯಿಯ ತವರು, ಮನೆದೇವರು ಎಲ್ಲ ಸುತ್ತಿ ಸೋತು ಬರುವಾಗ ಹಳೆಯ ಟಾಕೀಸಿನ ಮೆಟ್ಟಿಲ ಮೇಲೆ ಸುಸ್ತಾಗಿ ಕೂತನಂತೆ. ಕೂತದ್ದೇ ತಡ, ಬೆರಳು ಸಡಿಲವಾಗಿ ನೀರು ಮೆಟ್ಟಿಲಿಳಿದು ಹೋಯಿತು. “ನಮ್ಮವ್ವ ಒಂದು ಸಿನಿಮಾನೂ ನೋಡಿಲ್ಲ ಅಂದ್ಕೊಂಡಿದ್ದೆ ಅಯ್ನೋರೆ” ಎಂದು ಹೇಳಿ ಬಿಡುಗಡೆಯಾದ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಅದೇ ಕೈಯಿಂದ ಚೆನ್ನಾಗಿ ಮೂಗು ತುರಿಸಿಕೊಂಡ.

ಕಮಲಾಕ್ಷಿಯ ನೀರು ಎಲ್ಲಿ ಇಳಿಯಬೇಕೆಂಬ ವಿಷಯದಲ್ಲಿ ನನಗೆ ಸಂದೇಹವೇ ಇರಲಿಲ್ಲ. ಪ್ರತಿ ಸೋಮವಾರ ಈಶ್ವರನಿಗೆ ಅಭಿಷೇಕಕ್ಕೆ ನೀರು ಹೊತ್ತುಕೊಟ್ಟವಳು ಅವಳು. ಅವಳ ಮನಸ್ಸು ಇನ್ನೆಲ್ಲಿ ನಿಂತೀತು? ಒಳ್ಳೆಯ ದಿನ ನೋಡಿ, ಅರ್ಚಕರಿಗೆ ಹೇಳಿ, ಗರ್ಭಗುಡಿಯ ಹೊಸ್ತಿಲಲ್ಲಿ ನಿಂತು ಕೈಚಾಚಿದೆ. ಬೆರಳು ಅಲುಗಲಿಲ್ಲ. ಮತ್ತೊಮ್ಮೆ ರುದ್ರ ಹೇಳಿಸಿದೆ. ಅಲುಗಲಿಲ್ಲ. ಅರ್ಚಕರು ನನ್ನ ಮುಖ ನೋಡದೆ ಬಿಲ್ವಪತ್ರೆ ಜೋಡಿಸತೊಡಗಿದರು. ನನಗೆ ಆದ ದುಃಖ ಯಾರ ಮುಂದೆ ಹೇಳಲಿ? ಇಷ್ಟು ವರ್ಷ ಒಂದೇ ದೇವರ ಮುಂದೆ ಜೊತೆಯಲ್ಲಿ ನಿಂತವರು ನಾವು. ಅವಳು ನನಗೆ ಗೊತ್ತಿಲ್ಲದ ಯಾವುದೋ ಕಡೆ ನೋಡುತ್ತಿದ್ದಳೇ?

ಹಿತ್ತಲ ತುಳಸಿಯ ಹತ್ತಿರ ನಿಂತೆ. ಕಲ್ಯಾಣಿಯ ಮೆಟ್ಟಿಲಿಗೆ ಹೋದೆ. ಅವಳ ತಮ್ಮನನ್ನು ಕರೆದುಕೊಂಡು ಅವಳ ತವರಿನ ಬಾವಿಗೆ ಹೋಗಿ ಬಂದೆ. ಎಲ್ಲೂ ಆಗಲಿಲ್ಲ. ಬಿಸಿಲು ಏರುತ್ತಿತ್ತು. ಮೊದಲು ಹೆಬ್ಬೆರಳುಗಳ ಬುಡದವರೆಗೆ ತುಂಬಿದ್ದ ನೀರು ಅಂಗೈಯ ಗೆರೆಗಳಿಗೆ ಇಳಿದಿತ್ತು. ಒಂದು ಬೆಳಿಗ್ಗೆ ನೋಡಿದರೆ ಒಂದು ಉದ್ಧರಣೆಯಷ್ಟು ಉಳಿದಿತ್ತು. ಆಚಮನದ ಆ ಪುಟ್ಟ ಚಮಚದಲ್ಲಿ ಹಿಡಿಯುವಷ್ಟು. ನಾಗವೇಣಿ ತುತ್ತು ಕೊಡುತ್ತ ನನ್ನ ಬೊಗಸೆಯೊಳಗೆ ಇಣುಕಿ, ಮಜ್ಜಿಗೆ ಅನ್ನವನ್ನು ಇನ್ನೊಮ್ಮೆ ಕಲೆಸಿದಳು.

ಆ ಮಧ್ಯಾಹ್ನ ನಾನು ಫೋನನ್ನು ಕೇಳಿದೆ. “ಏನೂಂದ್ರೆ, ಕಮಲಾಕ್ಷಿಗೆ ಏನು ಬೇಕಾಗಿತ್ತು?”

“ಕ್ಷಮಿಸಿ, ಅರ್ಥವಾಗಲಿಲ್ಲ.”

“ಅವಳು ನಿನ್ನ ಹತ್ತಿರ ಏನು ಹೇಳುತ್ತಿದ್ದಳು?”

“ಕ್ಷಮಿಸಿ, ಅರ್ಥವಾಗಲಿಲ್ಲ.”

ಸಿಟ್ಟು ಬಂತು. ನನಗೂ ಅರ್ಥವಾಗಲಿಲ್ಲ ಎಂದು ಅದಕ್ಕೆ ಹೇಳಿ ಎದ್ದು ಅಡುಗೆಮನೆಗೆ ಹೋದೆ. ಯಾಕೆ ಹೋದೆನೋ ತಿಳಿಯದು. ಅವಳು ನಿಲ್ಲುತ್ತಿದ್ದ ಜಾಗದಲ್ಲಿ, ಕಿಟಕಿಯ ಕಡೆ ಮುಖಮಾಡಿ ನಿಂತೆ. ಕಟ್ಟೆಯ ಮೇಲೆ ಹಿಟ್ಟಿನ ಡಬ್ಬಿ ಹಾಗೆಯೇ ಇತ್ತು. ಅಲ್ಲಿಂದ ಜಗಲಿಯ ನನ್ನ ಮಂಚ ಚೆನ್ನಾಗಿ ಕಾಣುತ್ತಿತ್ತು. ಊಟವಾದ ಮೇಲೆ ನಾನು ಅಲ್ಲಿ ಅಡ್ಡಾಗುತ್ತಿದ್ದೆ. ಜೊಂಪು ಹತ್ತುವ ಹೊತ್ತಿಗೆ ಪ್ರತಿ ದಿನ ಅಡುಗೆಮನೆಯಿಂದ ಒಂದು ಮಾತು ಕೇಳುತ್ತಿತ್ತು. “ಏನೂಂದ್ರೆ, ಆಯ್ತು.” ಕೆಲಸ ಮುಗಿಯಿತು ಎಂದು ನನಗೆ ಹೇಳುತ್ತಿದ್ದಾಳೆ ಎಂದುಕೊಂಡು ನಾನು ಕಣ್ಣು ಮುಚ್ಚಿಕೊಂಡೇ “ಹೂಂ” ಎನ್ನುತ್ತಿದ್ದೆ. ಆಮೇಲೆ ಅವಳು ಗೊಣಗಿಕೊಳ್ಳುವ ದನಿ. ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾಳೆ, ವಯಸ್ಸಾಯಿತು ಎಂದುಕೊಂಡು ನಿದ್ದೆಹೋಗುತ್ತಿದ್ದೆ.

ಕಿಟಕಿಯ ಮುಂದೆ ನಿಂತು, ಅವಳ ಹಾಗೆಯೇ, ಮೆಲ್ಲಗೆ ಹೇಳಿದೆ. “ಏನೂಂದ್ರೆ, ಆಯ್ತು.”

“ಸರಿ, ಕರೆ ಮಾಡುತ್ತಿದ್ದೇನೆ” ಎಂದಿತು ಫೋನು.

ಎದೆಯ ಮೇಲೆ ಗಂಟೆ ಬಾರಿಸತೊಡಗಿತು. ಯಾರಿಗೆ ಎಂದು ಕೇಳುವಷ್ಟರಲ್ಲಿ ಆ ಕಡೆಯಿಂದ “ಎತ್ತು, ಎತ್ತು” ಎಂದು ಯಾರೋ ತಮ್ಮ ಫೋನಿಗೆ ಅವಸರದಿಂದ ಹೇಳುವುದು ಕೇಳಿಸಿತು. ಆಮೇಲೆ ಒಂದು ಹೆಣ್ಣುದನಿ.

“ಅಕ್ಕಾ! ಎಲ್ಲೋಗಿದ್ಯಕ್ಕಾ ಇಷ್ಟ್ ದಿನ? ಐತೆ ಅಕ್ಕಾ, ಇನ್ನೂ ಐತೆ. ತಳದಾಗೆ ಐತೆ, ಒಂದೆಲ್ಡು ಹನಿ. ಆರಿಲ್ಲ.”

ನಾನು ಚೀಲದ ಕಡೆ ತಲೆ ಬಗ್ಗಿಸಿದೆ.

“ಮಾತಾಡಕ್ಕಾ. ಮುನಿಸಾ? ನಂಗೆ ನಾನಾಗೇ ಮಾಡೋಕೆ ಬರಾಕಿಲ್ಲ ಅಂತ ನಿಂಗೇ ಗೊತ್ತಲ್ಲ. ಈ ಫೋನು ಎತ್ತು ಅಂದ್ರೆ ಎತ್ತುತದೆ, ಅಷ್ಟೇಯ.”

“ತಾಯಿ” ಎಂದೆ. “ನಾನು ಕಮಲಾಕ್ಷಿ ಅಲ್ಲ. ಅವಳ ಮನೆಯವರು.”

“ಅಯ್ನೋರಾ? ಅಕ್ಕನ್ನ ಕರೀರಿ ಒಸಿ.”

“ತಾಯಿ, ನನ್ನ ಕೈಯಲ್ಲಿ ಈಗ ನೀರಿದೆ.”

ನಮ್ಮ ಊರಿನಲ್ಲಿ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಅವಳು ಅಳುವುದು ಬಹಳ ಹೊತ್ತು ಕೇಳಿಸಿತು. ಕಣ್ಣೊರೆಸಿಕೊಳ್ಳಲು ಅವಳಿಗೂ ಕೈಯಿಲ್ಲವೆಂದು ನನಗೆ ಗೊತ್ತಿತ್ತು. ನಾನೂ ಅತ್ತು ಕಣ್ಣೀರನ್ನು ತೋಳಿಗೆ ಒರೆಸಿಕೊಂಡೆ. ಆಮೇಲೆ ಅವಳೇ ಬಿಟ್ಟು ಬಿಟ್ಟು ಹೇಳಿದಳು. ಹೆಸರು ದೇವೀರಮ್ಮ. ಹಂಚಿನ ಕಾರ್ಖಾನೆಯ ಹಿಂದೆ ಅಣ್ಣನ ಮನೆಯಲ್ಲಿದ್ದಾಳೆ. ಅವಳ ಕೈಯಲ್ಲಿರುವುದು ಅವಳ ಮಗಳು ಚೆಲುವಿಯ ನೀರು. ಹೋದ ವರ್ಷದ ಮಳೆಗಾಲದಿಂದ ಹಿಡಿದುಕೊಂಡಿದ್ದಾಳೆ. ಒಮ್ಮೆ ಹಿಟ್ಟಿನ ಗಿರಣಿಯಲ್ಲಿ ಅವಳ ತಲೆಯ ಮೇಲಿನ ಡಬ್ಬಿಯನ್ನು ಇಳಿಸಿಕೊಡಲು ಯಾರೂ ಇಲ್ಲದಾಗ ಕಮಲಾಕ್ಷಿ ಇಳಿಸಿಕೊಟ್ಟಳಂತೆ. ಅಂದಿನಿಂದ ಪ್ರತಿ ಮಧ್ಯಾಹ್ನ, ಅಣ್ಣ ಅತ್ತಿಗೆ ಕಾರ್ಖಾನೆಗೆ ಹೋಗಿ ಇವಳು ಒಬ್ಬಳೇ ಕೂತಿರುವ ಹೊತ್ತಿಗೆ ಈ ಕರೆ.

“ಎಲ್ಲಿ ಬಿಡಬೇಕು ಅಂತ ಗೊತ್ತಾಗಲಿಲ್ಲವೇ ತಾಯಿ?” ಎಂದೆ.

“ಗೊತ್ತಿಲ್ದೆ ಏನು? ಇಸ್ಕೂಲ್ ಬಾಗ್ಲು. ಚೀಲ ತಂದಿಕ್ಕೊಂಡು ಕಾಯ್ತಿತ್ತು ಮಗು. ಹೋಗಕ್ಕೆ ಮೊದ್ಲೇ ಜರ ಬಂತು. ನಾ ಅಲ್ಲಿಗೆ ಹೋಗಾಕಿಲ್ಲ ಅಷ್ಟೇಯ ಅಯ್ನೋರೆ. ಇದೂ ಹೋದ್ರೆ ನಂಗೇನು ಉಳೀತದೆ? ಎಲ್ರೂ ಬಿಡು ಬಿಡು ಅಂತಾರೆ. ಅಕ್ಕ ಒಬ್ಳೇ ಹಂಗನ್ನಲಿಲ್ಲ. ‘ಎಷ್ಟೈತೆ ಇವತ್ತು?’ ಅಂತ ಕೇಳೋಳು. ಈಗ ಆರೋಯ್ತದೇನೋ ಅಂತ ಜೀವ ಹೊಡ್ಕೋತದೆ. ಬಿಡಾಕೂ ಆಗಾಕಿಲ್ಲ, ಮಗೀನ ಬಾಯಾರಿಸಿ ಕಳ್ಸಾಕೂ ಆಗಾಕಿಲ್ಲ.”

ಕಮಲಾಕ್ಷಿ ಇದನ್ನು ನನಗೆ ಹೇಳಿರಲಿಲ್ಲ. ನೀರು ಬಿಡದೆ ಹಟ ಹಿಡಿದವರ ಬಗ್ಗೆ ಗುಡಿಯಲ್ಲಿ ನಾನು ಏನು ಓದಿ ಹೇಳುತ್ತೇನೆಂದು ಅವಳಿಗೆ ಗೊತ್ತಿತ್ತು.

“ನಾನು ಬರಲೇ?” ಎಂದೆ.

ಹೊರಗೆ ಬಂದಾಗ ಬಿಸಿಲು ಬೆಂಕಿಯಂತಿತ್ತು. ಹಂಚಿನ ಕಾರ್ಖಾನೆಗೆ ದಾರಿ ಕೇಳಿದೆ. “ಮುಂದೆ ಬಲಕ್ಕೆ ತಿರುಗಿ” ಎಂದು ಫೋನು ಶುರುಮಾಡಿತು. ಬಲಕ್ಕೆ, ಎಡಕ್ಕೆ, ನೇರ. ಹೆಂಡತಿಯ ಫೋನಿನ ಮಾತು ಕೇಳಿಕೊಂಡು, ಬೊಗಸೆಯ ಮೇಲೆ ತಲೆಯ ನೆರಳು ಬೀಳುವ ಹಾಗೆ ಬಗ್ಗಿ ನಡೆದೆ. ಹುಟ್ಟಿ ಬೆಳೆದ ಊರಿನಲ್ಲಿ ನಾನು ಒಮ್ಮೆಯೂ ಕಾಲಿಡದ ಬೀದಿಗಳಿದ್ದವು. ಕಾರ್ಖಾನೆಯ ಗೋಡೆ ದಾಟಿದಾಗ ಕೈ ಹಗುರವಾದಂತೆ ಅನ್ನಿಸಿತು. ಬಿಸಿಲಿಗೆ ಹಾಗೆ ಅನ್ನಿಸುತ್ತದೆ ಎಂದುಕೊಂಡೆ. ಅವಳು ಗುರುತು ಹೇಳಿದ್ದ ಬೇವಿನ ಮರದ ಮನೆ ಕಂಡಾಗ ಕಿರುಬೆರಳು ಒಂದು ಸಲ ಮಿಡುಕಿತು.

ದೇವೀರಮ್ಮ ಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದಳು. ಸಣ್ಣ ವಯಸ್ಸಿನವಳು. ತಲೆ ಎಣ್ಣೆ ಕಾಣದೆ ಜಡೆಗಟ್ಟಿತ್ತು. ನಾನು ಬರುವುದನ್ನು ಕಂಡು ಎದ್ದು ನಿಂತು, ಮುಗಿಯಲು ಕೈಯಿಲ್ಲದೆ ತಲೆ ಬಾಗಿಸಿದಳು. ನಾನು ಅವಳ ಮುಂದೆ ಬಂದು ನಿಂತೆ. ಆಗ ನನ್ನ ಬೆರಳುಗಳು ಸಡಿಲವಾಗತೊಡಗಿದವು.

ನಾನು ಹಾರಿ ಹಿಂದೆ ಸರಿದೆ. ಬೆರಳು ಬಿಗಿಯಿತು. ಬೇಲಿಯ ತನಕ ಹೋದೆ. ಕಲ್ಲಿನಂತಾಯಿತು. ಮತ್ತೆ ಹತ್ತಿರ ಬಂದೆ, ಮತ್ತೆ ಸಡಿಲ. ಮರದ ಬುಡಕ್ಕೆ ಕೈ ಚಾಚಿದೆ, ಆಗಲಿಲ್ಲ. ಹೊಸ್ತಿಲಿಗೆ ಚಾಚಿದೆ, ಆಗಲಿಲ್ಲ. ಅವಳ ಕಡೆ ತಿರುಗಿದರೆ ಮಾತ್ರ ಅಂಗೈಗಳ ನಡುವೆ ಗಾಳಿ ಆಡಿದ ಹಾಗೆ. ಜಾಗವೆಂದರೆ ಅವಳ ಬೊಗಸೆಯೇ ಆಗಿತ್ತು.

ಅವಳಿಗೂ ತಿಳಿಯಿತು. ಬೊಗಸೆಯನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ಸರಿದಳು. “ಬ್ಯಾಡಿ ಅಯ್ನೋರೆ. ಬೊಗ್ಸೆಗೆ ಬೊಗ್ಸೆ ಸೋಕಬಾರ್ದು ಅಂತ ನೀವೇ ಹೇಳೋದಂತಲ್ಲ. ಅಕ್ಕನ ದಾರಿ ನಾನು ಕೆಡ್ಸಾಕಿಲ್ಲ.”

ನಾನು ಆ ಬಿಸಿಲಲ್ಲಿ ನಿಂತುಕೊಂಡೆ. ಬೊಗಸೆಯ ನೀರು ಒಂದು ನಾಣ್ಯದಷ್ಟಗಲ ಹೊಳೆಯುತ್ತಿತ್ತು. ಹಿಂದಿರುಗಿದರೆ ನಾಳೆಗೆ ಇರುವುದಿಲ್ಲ. ಓದಿದ ಪುರಾಣಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದೆ. ಈ ಮಾತು ಯಾವ ಅಧ್ಯಾಯದಲ್ಲಿದೆ? ಎಲ್ಲೂ ನೆನಪಾಗಲಿಲ್ಲ. ತಂದೆಯ ಬಾಯಲ್ಲಿ ಮಾತ್ರ ಇತ್ತು. ತಂದೆ ಸುಮ್ಮನೆ ಹೇಳುವವರೂ ಅಲ್ಲ. ದಿಕ್ಕು ತೋಚದೆ ಬಾಯಿಂದ ಬಂದುಬಿಟ್ಟಿತು. “ಏನೂಂದ್ರೆ, ಬೊಗಸೆಗೆ ಬೊಗಸೆ ಸೋಕಿದರೆ ಹೋದವರು ದಾರಿ ತಪ್ಪುತ್ತಾರೆಯೇ?”

“ಕ್ಷಮಿಸಿ” ಎಂದಿತು ಫೋನು, “ನಿಮ್ಮ ಜೊತೆ ಯಾರು ಹೋಗುತ್ತಿದ್ದಾರೆ?”

ದಾರಿ ತೋರಿಸುತ್ತಿದ್ದ ಗುಂಗಿನಲ್ಲಿ ಅದು ಇನ್ನೇನೋ ಕೇಳಿತೆಂದು ಈಗ ಗೊತ್ತಾಗುತ್ತದೆ. ಆಗ ನನಗೆ ಹಾಗನ್ನಿಸಲಿಲ್ಲ. ಯಾರು ಹೋಗುತ್ತಿದ್ದಾರೆ? ಒಂದು ಕಡೆ ಶಾಲೆಯ ಬಾಗಿಲನ್ನೂ ಕಾಣದ ಮಗು, ಕೈಯಲ್ಲಿ ಚೀಲ ಹಿಡಿದುಕೊಂಡು. ಇನ್ನೊಂದು ಕಡೆ ಕಮಲಾಕ್ಷಿ. ರಥಬೀದಿಯಲ್ಲಿ ಗಾಡಿಗಳ ನಡುವೆ ಯಾರ ಮನೆಯ ಮಗು ನಿಂತಿದ್ದರೂ ನನ್ನನ್ನು ಅಲ್ಲೇ ಬಿಟ್ಟು ಓಡಿಹೋಗಿ ಕೈಹಿಡಿದು ದಾಟಿಸಿ ಬರುತ್ತಿದ್ದವಳು. ಅಂಥವಳ ಜೊತೆಯಲ್ಲಿ ಹೊರಟ ಮಗು ದಾರಿ ತಪ್ಪುತ್ತದೆಯೇ? ಮಗು ಜೊತೆಗಿದ್ದರೆ ಅವಳು ದಾರಿ ತಪ್ಪುತ್ತಾಳೆಯೇ? ಸುಮ್ಮನೆ ಒಬ್ಬಳೇ ಹೋಗೆಂದರೆ ಅವಳೇ ಹೋಗಲಾರಳು. ಅದಕ್ಕೇ ಈಶ್ವರನ ಮುಂದೆಯೂ ಅವಳು ಕೈಬಿಡಿಸಲಿಲ್ಲ.

“ಬೊಗಸೆ ಈಚೆ ಹಿಡಿ ತಾಯಿ” ಎಂದೆ.

“ಅಯ್ನೋರೆ…”

“ನಿನ್ನ ಅಕ್ಕನಿಗೆ ಮಗುವಿನ ಜೊತೆ ಬೇಕಂತೆ. ಹಿಡಿ.”

ಅವಳು ಹಿಡಿದಳು. ನಾನು ನನ್ನ ಬೊಗಸೆಯನ್ನು ಅವಳ ಬೊಗಸೆಯ ಮೇಲೆ ತಂದೆ, ಕಿರುಬೆರಳಿಗೆ ಕಿರುಬೆರಳು ತಾಗಿತು. ಶಿವನನ್ನು ನೆನೆದೆ. ಬೆರಳುಗಳು ತಾವಾಗಿ ಅಗಲವಾದವು. ಒಂದು ಉದ್ಧರಣೆಯಷ್ಟು ನೀರು, ಒಂದು ಹನಿಯೂ ಹೊರಗೆ ಬೀಳದೆ ಇಳಿದುಹೋಯಿತು. ಅವಳ ಅಂಗೈಯಲ್ಲಿ ಗೆರೆ ಮುಳುಗಿತು, ಆಮೇಲೆ ಮೆಲ್ಲಮೆಲ್ಲನೆ ಏರಿ ಹೆಬ್ಬೆರಳುಗಳ ಬುಡವನ್ನು ಮುಟ್ಟಿ ನಿಂತಿತು. ಇಬ್ಬರೂ ಬಗ್ಗಿ ಅದನ್ನೇ ನೋಡಿದೆವು. ಬೇವಿನ ಎಲೆಗಳು ಅದರಲ್ಲಿ ಕಾಣುತ್ತಿದ್ದವು.

ನನ್ನ ಕೈಗಳು ಬೇರೆ ಯಾರದೋ ಕೈಗಳಂತೆ ಎರಡು ಕಡೆ ಇಳಿಬಿದ್ದವು. ಅಂಗೈ ಬೆಳ್ಳಗೆ ನೆನೆದು ನಿರಿಗೆಗಟ್ಟಿತ್ತು. ಕಮಲಾಕ್ಷಿ ಹೋದಳು ಎಂದು ನನಗೆ ಆಗ ಅನ್ನಿಸಿತು, ಮೊದಲ ಸಲ. ಅಳಲಿಲ್ಲ. ಮುಷ್ಟಿ ಕಟ್ಟಿ ಬಿಚ್ಚಿ ನೋಡಿದೆ.

“ಒಂದಿನ ಹೋಯ್ತೀನಿ ಇಸ್ಕೂಲ್ ತಾವ” ಎಂದಳು ದೇವೀರಮ್ಮ, ನೀರಿನಿಂದ ಕಣ್ಣು ತೆಗೆಯದೆ. “ಇವತ್ತಲ್ಲ.”

“ಇವತ್ತು ಬೇಡ” ಎಂದೆ.

ಆಮೇಲೆ ಅವಳು ಮುಖ ಒಂದು ಥರ ಮಾಡಿ, ಸಂಕೋಚದಿಂದ ಕೇಳಿದಳು. “ಭಾವ, ಒಂದ್ ಮಾತು. ಬೆಳಿಗ್ಗೆಯಿಂದ ಮೂಗು ತುರಿಸ್ತೈತೆ. ಅಣ್ಣ ಅತ್ಗೆ ಬರೋ ಗಂಟ ಹಿಂಗೇಯ. ಈ ಫೋನು ಕರೆ ಎತ್ತುತದೆ, ಇದೊಂದು ಮಾತ್ರ…”

ನಾನು ಹೆಗಲ ಮೇಲಿನ ವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಂಡೆ. ಬೆರಳು ಇನ್ನೂ ಜೋಮು ಹಿಡಿದಿತ್ತು. ಹತ್ತಿರ ಹೋಗಿ, ಎಲ್ಲಿ ಎಂದು ತಿಳಿಯದೆ ನಿಂತು, ನನಗೆ ತಿಳಿದ ಮಾತನ್ನೇ ಹೇಳಿದೆ.

“ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ.”

“ಬಲಕ್ಕೆ” ಎಂದಳು ಅವಳು. “ಅಲ್ಲಲ್ಲ, ನನ್ನ ಬಲಕ್ಕೆ. ಒಸಿ ಮ್ಯಾಕೆ. ಹೂಂ, ಅಲ್ಲೇಯ.”